ಹೊಲದ ಕಳೆನಾಶಕ, ಊರಿನ ನೀರು ಮತ್ತು ಇದ್ದಿಲಿನ ಚರಿತ್ರೆ

ಕುಡಿಯುವ ನೀರಿನಿಂದ ಕಳೆನಾಶಕವನ್ನು ಬೇರ್ಪಡಿಸುವ ವಿದ್ಯೆ ಹುಟ್ಟಿ ಆರು ದಶಕಗಳು ಕಳೆದಿವೆಯಷ್ಟೇ. ಆದರೆ ಆ ಕೆಲಸಕ್ಕೆ ಇಂದಿಗೂ ಜಗತ್ತಿನ ಅನೇಕ ಊರುಗಳು ನೆಚ್ಚಿಕೊಂಡಿರುವ ಇದ್ದಿಲಿನ ಚರಿತ್ರೆ ಹದಿನೆಂಟನೆಯ ಶತಮಾನದ ಔಷಧಶಾಲೆಗಳವರೆಗೆ ಹಿಂದಕ್ಕೆ ಹೋಗುತ್ತದೆ. ಸಕ್ಕರೆಯ ಕಂದು ಬಣ್ಣ ತೆಗೆಯಲು, ಯುದ್ಧಭೂಮಿಯಲ್ಲಿ ವಿಷಾನಿಲವನ್ನು ತಡೆಯಲು, ನಲ್ಲಿ ನೀರಿನ ದುರ್ವಾಸನೆ ನೀಗಲು ಒಂದೊಂದು ಕಾಲದಲ್ಲಿ ಒಂದೊಂದು ಕಾರಣಕ್ಕೆ ಬಳಕೆಗೆ ಬಂದ ಈ ವಸ್ತು, 1960ರ ದಶಕದ ನಂತರ ಹೊಲದಿಂದ ಹರಿದು ಬಂದ ರಾಸಾಯನಿಕಗಳ ಎದುರು ನಿಲ್ಲಬೇಕಾಯಿತು. ಈ ಚರಿತ್ರೆಯನ್ನು ಕ್ರಮವಾಗಿ ನೋಡಿದಾಗ ಎದ್ದು ಕಾಣುವ ಸಂಗತಿಯೆಂದರೆ, ಶೋಧಿಸುವ ವಿದ್ಯೆ ಎಷ್ಟೇ ಮುಂದುವರಿದರೂ ಅದರ ಖರ್ಚು ಕಳೆನಾಶಕವನ್ನು ತಯಾರಿಸಿದವರ ಅಥವಾ ಬಳಸಿದವರ ಮೇಲೆ ಬೀಳದೆ, ನದಿಯ ಕೆಳದಂಡೆಯಲ್ಲಿ ನೀರು ಕುಡಿಯುವವರ ಮೇಲೆಯೇ ಬೀಳುತ್ತ ಬಂದಿದೆ ಎಂಬುದು.

ದ್ರವದಲ್ಲಿಯೋ ಅನಿಲದಲ್ಲಿಯೋ ಇರುವ ಅಣುಗಳು ಒಂದು ಘನವಸ್ತುವಿನ ಮೇಲ್ಮೈಗೆ ಬಂದು ಅಂಟಿಕೊಂಡು ನಿಲ್ಲುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಬಟ್ಟೆಯ ಎಳೆಗಳೊಳಗೆ ನೀರು ಇಳಿಯುವಂಥ ಸಾಮಾನ್ಯ ಹೀರಿಕೆಯಿಂದ ಇದನ್ನು ಬೇರೆಯಾಗಿ ಗುರುತಿಸಬೇಕು. ಇಲ್ಲಿ ಅಣು ವಸ್ತುವಿನ ಒಳಕ್ಕೆ ಕರಗಿ ಸೇರುವುದಿಲ್ಲ, ಮೇಲ್ಮೈಯಲ್ಲಿ ದುರ್ಬಲವಾದ ಆಕರ್ಷಣ ಬಲಗಳಿಂದ ಹಿಡಿದಿಡಲ್ಪಡುತ್ತದೆ. ಜರ್ಮನಿಯ ಭೌತವಿಜ್ಞಾನಿ ಹೈನ್‌ರಿಶ್ ಕೈಸರ್ 1881ರಲ್ಲಿ ಈ ಭೇದವನ್ನು ಸೂಚಿಸುವ ಪಾರಿಭಾಷಿಕ ಪದವನ್ನು ಬಳಕೆಗೆ ತಂದನು. ಮೇಲ್ಮೈಯೇ ಈ ಕ್ರಿಯೆಯ ಬಂಡವಾಳವಾದ್ದರಿಂದ, ಯಾವ ವಸ್ತುವಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಹೆಚ್ಚೋ ಆ ವಸ್ತು ಈ ಕೆಲಸಕ್ಕೆ ಹೆಚ್ಚು ಯೋಗ್ಯ. ವಿಶೇಷ ರೀತಿಯಲ್ಲಿ ಸುಟ್ಟು, ಹಬೆ ಹಾಯಿಸಿ ರಂಧ್ರಗಳನ್ನು ತೆರೆದ ಇದ್ದಿಲನ್ನು ಸಕ್ರಿಯ ಇಂಗಾಲ ಎನ್ನುತ್ತಾರೆ. ಅಂಥ ಇಂಗಾಲದ ಒಂದೇ ಒಂದು ಗ್ರಾಂನ ಒಳಮೈಯನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಅದು ಸುಮಾರು 1,000 ಚದರ ಮೀಟರ್, ಎಂದರೆ ಹತ್ತು ಗುಂಟೆ ಜಮೀನಿನಷ್ಟು ಆಗುತ್ತದೆ.

ಇದ್ದಿಲಿನ ಈ ಗುಣವನ್ನು ಮೊದಲು ಗಮನಿಸಿದವರು ಅನಿಲಗಳನ್ನು ಅಭ್ಯಾಸ ಮಾಡುತ್ತಿದ್ದ ರಸಾಯನಜ್ಞರು. 1773ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆಯೂ 1777ರಲ್ಲಿ ಇಟಲಿಯ ಫೆಲಿಚೆ ಫಾಂಟಾನಾನೂ ಇದ್ದಿಲು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದನ್ನು ಕಂಡಿದ್ದರು. ಆದರೆ ದ್ರವದೊಳಗಿನ ಕಲ್ಮಶವನ್ನು ಇದ್ದಿಲು ಹಿಡಿಯಬಲ್ಲದೆಂಬ ಮುಖ್ಯ ತಿಳಿವಳಿಕೆ ದೊರೆತದ್ದು 1785ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಔಷಧಶಾಲೆಯೊಂದರಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಯೋಹಾನ್ ಟೋಬಿಯಾಸ್ ಲೊವಿಟ್ಸ್ ಟಾರ್ಟಾರಿಕ್ ಆಮ್ಲದ ಹರಳುಗಳನ್ನು ತಯಾರಿಸುವಾಗ ದ್ರಾವಣ ಕಂದುಗಟ್ಟುತ್ತಿದ್ದ ತೊಂದರೆಗೆ ಪರಿಹಾರ ಹುಡುಕುತ್ತ, ಇದ್ದಿಲ ಪುಡಿ ಬೆರೆಸಿದಾಗ ದ್ರಾವಣ ತಿಳಿಯಾಗುವುದನ್ನು ಕಂಡುಕೊಂಡನು. ಮುಂದೆ ಹಡಗುಗಳ ಪೀಪಾಯಿಗಳಲ್ಲಿ ಕೆಟ್ಟು ನಾರುವ ಕುಡಿಯುವ ನೀರಿಗೂ ಇದೇ ಉಪಾಯವನ್ನು ಸೂಚಿಸಿದನು. ಮರಳು ಮತ್ತು ಇದ್ದಿಲಿನ ಪದರಗಳ ಮೂಲಕ ನೀರಿಳಿಸುವ ಮೂರು ಮಡಕೆಗಳ ಶೋಧಕ ಕನ್ನಡದ ಶಾಲಾಮಕ್ಕಳಿಗೆ ಪಾಠಪುಸ್ತಕದಿಂದ ಪರಿಚಿತವಾದದ್ದೇ. ಆ ಮಡಕೆಯ ಇದ್ದಿಲು ಮಾಡುವ ಕೆಲಸಕ್ಕೆ ಪ್ರಯೋಗಶಾಲೆಯ ಆಧಾರವನ್ನು ಮೊದಲು ಒದಗಿಸಿದವರಲ್ಲಿ ಲೊವಿಟ್ಸ್ ಪ್ರಮುಖನು.

ಔಷಧಶಾಲೆಯಿಂದ ಕಾರ್ಖಾನೆಗೆ ಇದ್ದಿಲನ್ನು ಕರೆತಂದದ್ದು ಸಕ್ಕರೆ. ಫ್ರಾನ್ಸಿನ ಮೊಂಪೆಲಿಯೆಯಲ್ಲಿ 1811ರಲ್ಲಿ ಪಿಯೆರ್ ಫಿಗಿಯೆ ಎಂಬ ಔಷಧಕಾರನು ಮರದ ಇದ್ದಿಲಿಗಿಂತ ದನದ ಮೂಳೆಗಳನ್ನು ಸುಟ್ಟು ಮಾಡಿದ ಇದ್ದಿಲು ದ್ರಾಕ್ಷಾರಸದ ಮತ್ತು ವಿನೆಗರಿನ ಬಣ್ಣವನ್ನು ಹೆಚ್ಚು ಚೆನ್ನಾಗಿ ತೆಗೆಯುತ್ತದೆಂದು ತೋರಿಸಿದ ಮೇಲೆ, ನೆಪೋಲಿಯನ್ ಕಾಲದ ದಿಗ್ಬಂಧನದಿಂದಾಗಿ ಕಬ್ಬಿನ ಸಕ್ಕರೆ ಸಿಗದೆ ಬೀಟ್ ಗೆಡ್ಡೆಯಿಂದ ಸಕ್ಕರೆ ಮಾಡಲು ತೊಡಗಿದ್ದ ಫ್ರೆಂಚ್ ಉದ್ಯಮಿಗಳು ಅದನ್ನು ತಡಮಾಡದೆ ಕೈಗೆತ್ತಿಕೊಂಡರು. ಸಕ್ಕರೆ ಕಾರ್ಖಾನೆಗಳಲ್ಲಿ ನಡೆದ ನೂರು ವರ್ಷಗಳ ಬಳಕೆಯಿಂದಲೇ ಇದ್ದಿಲು ಒಂದು ಹಂತಕ್ಕೆ ತುಂಬಿ ಕೆಲಸ ನಿಲ್ಲಿಸುತ್ತದೆಂಬುದೂ, ಮತ್ತೆ ಕಾಯಿಸಿದರೆ ಪುನಃ ಕೆಲಸಕ್ಕೆ ಬರುತ್ತದೆಂಬುದೂ, ಪ್ರತಿ ಸಲ ಕಾಯಿಸಿದಾಗಲೂ ಸ್ವಲ್ಪ ಭಾಗ ಉರಿದು ನಷ್ಟವಾಗುತ್ತದೆಂಬುದೂ ಅನುಭವಕ್ಕೆ ಬಂದವು. ನೀರು ಶುದ್ಧೀಕರಣದವರು ಮುಂದೆ ಎದುರಿಸಿದ ಲೆಕ್ಕಾಚಾರದ ಮೂಲ ಇಲ್ಲಿಯೇ ಇದೆ.

ಇದ್ದಿಲನ್ನು ಬೇಕಾದ ಗುಣಕ್ಕೆ ತಕ್ಕಂತೆ ತಯಾರಿಸುವ ಆಧುನಿಕ ವಿಧಾನವನ್ನು ರೂಪಿಸಿದವನು ರಾಫೇಲ್ ಫಾನ್ ಓಸ್ಟ್ರೆಯ್ಕೊ. 1900 ಮತ್ತು 1901ರಲ್ಲಿ ಅವನು ಪಡೆದ ಹಕ್ಕುಪತ್ರಗಳು, ಸಸ್ಯಮೂಲದ ಕಚ್ಚಾವಸ್ತುವನ್ನು ಲೋಹದ ಕ್ಲೋರೈಡ್‌ಗಳೊಂದಿಗೆ ಸುಡುವುದು ಮತ್ತು ಸುಟ್ಟ ಇದ್ದಿಲಿನ ಮೇಲೆ ಕೆಂಪಗೆ ಕಾದ ಸ್ಥಿತಿಯಲ್ಲಿ ಹಬೆಯನ್ನೋ ಇಂಗಾಲದ ಡೈಆಕ್ಸೈಡನ್ನೋ ಹಾಯಿಸುವುದು ಎಂಬ ಎರಡು ಮಾರ್ಗಗಳನ್ನು ವಿವರಿಸಿದವು. ಇಂದಿನ ತಯಾರಿಕೆಯೂ ಹೆಚ್ಚುಕಡಿಮೆ ಇವೇ ಎರಡು ದಾರಿಗಳಲ್ಲಿ ನಡೆಯುತ್ತಿದೆ. 1911ರ ಹೊತ್ತಿಗೆ ನೆದರ್‌ಲೆಂಡ್ಸಿನಲ್ಲಿ ಜೌಗುನೆಲದ ಪೀಟ್ ಮಣ್ಣಿನಿಂದ ನೋರಿಟ್ ಎಂಬ ಹೆಸರಿನ ಇಂಗಾಲ ತಯಾರಾಗತೊಡಗಿತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ದಾಳಿ ಶುರುವಾದ 1915ರಲ್ಲಿ ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲು ತುಂಬಿದ ಮುಖವಾಡವನ್ನು ರೂಪಿಸಿದನು. ಅಮೆರಿಕ ತನ್ನ ಸೈನಿಕರ ಮುಖವಾಡಗಳಿಗಾಗಿ ತೆಂಗಿನ ಚಿಪ್ಪನ್ನೂ, ಅದು ಸಾಲದೆ ಬಂದಾಗ ಪೀಚ್ ಹಣ್ಣಿನ ಓಟೆಗಳನ್ನೂ ಮನೆಮನೆಯಿಂದ ಸಂಗ್ರಹಿಸಿ ಸುಡಿಸಿತು. ತೆಂಗಿನ ಚಿಪ್ಪಿನ ಇದ್ದಿಲು ಅನಿಲವನ್ನು ಹಿಡಿಯುವುದರಲ್ಲಿ ಉಳಿದವಕ್ಕಿಂತ ಮೇಲೆಂದು 1860ರ ದಶಕದಲ್ಲಿಯೇ ಜಾನ್ ಹಂಟರ್ ತೋರಿಸಿದ್ದನು. ಚಿಪ್ಪು ಗಟ್ಟಿಯಾದ್ದರಿಂದ ಅದರ ಇದ್ದಿಲು ಬೇಗ ಪುಡಿಯಾಗುವುದಿಲ್ಲ. ಅದರ ರಂಧ್ರಗಳಲ್ಲಿ ಹೆಚ್ಚಿನವು ಎರಡು ನ್ಯಾನೊಮೀಟರಿಗಿಂತ ಕಿರಿದಾಗಿದ್ದು ಸಣ್ಣ ಅಣುಗಳಿಗೆ ಸರಿಯಾಗಿ ಒಪ್ಪುತ್ತವೆ.

ಯುದ್ಧ ಮುಗಿದು ಇಂಗಾಲ ಹೇರಳವಾಗಿ ಸಿಗುವಂತಾದ ಕಾಲಕ್ಕೆ ಸರಿಯಾಗಿ ನಗರಗಳ ನೀರಿನಲ್ಲಿ ಹೊಸದೊಂದು ತೊಂದರೆ ತಲೆದೋರಿತ್ತು. ಕಲ್ಲಿದ್ದಲು ಮತ್ತು ಉಕ್ಕಿನ ಕಾರ್ಖಾನೆಗಳಿಂದ ನದಿಗೆ ಸೇರುತ್ತಿದ್ದ ಫಿನಾಲ್‌ಗಳು ರೋಗಾಣುಗಳನ್ನು ಕೊಲ್ಲಲು ಬೆರೆಸುತ್ತಿದ್ದ ಕ್ಲೋರಿನ್ ಜೊತೆ ಕೂಡಿ ಕ್ಲೋರೊಫಿನಾಲ್‌ಗಳಾಗಿ, ಅತ್ಯಲ್ಪ ಪ್ರಮಾಣದಲ್ಲಿಯೂ ನಲ್ಲಿ ನೀರಿಗೆ ಔಷಧದ ಕೆಟ್ಟ ರುಚಿಯನ್ನು ತಂದೊಡ್ಡುತ್ತಿದ್ದವು. ಇದಕ್ಕೆ ಮದ್ದಾಗಿ 1929ರಲ್ಲಿ ಜರ್ಮನಿಯ ಹಾಮ್ ಪಟ್ಟಣದಲ್ಲಿಯೂ 1930ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಬೇ ಸಿಟಿಯಲ್ಲಿಯೂ ಹರಳು ಇಂಗಾಲದ ಹಾಸುಗಳನ್ನು ಅಳವಡಿಸಿದರು. ಹರಳು ಇಂಗಾಲವೆಂದರೆ ಸಾಸಿವೆ ಗಾತ್ರದ ಅಥವಾ ಅದಕ್ಕೂ ಚಿಕ್ಕ ಕಾಳುಗಳು. ಇವನ್ನು ದೊಡ್ಡ ತೊಟ್ಟಿಯಲ್ಲಿ ಹಲವು ಅಡಿ ಎತ್ತರಕ್ಕೆ ತುಂಬಿ ಅದರ ಮೂಲಕ ನೀರನ್ನು ಇಳಿಯಬಿಡುತ್ತಾರೆ. ಅದೇ 1930ರಲ್ಲಿ ನ್ಯೂಜೆರ್ಸಿಯ ನ್ಯೂ ಮಿಲ್‌ಫರ್ಡ್ ಘಟಕದಲ್ಲಿ ಎರಡನೆಯ ಮಾರ್ಗವೊಂದು ಬಳಕೆಗೆ ಬಂತು: ಹಿಟ್ಟಿನಂತೆ ನಯವಾದ ಪುಡಿ ಇಂಗಾಲವನ್ನು ನೀರಿಗೆ ನೇರವಾಗಿ ಬೆರೆಸಿ, ಸ್ವಲ್ಪ ಹೊತ್ತು ಕದಡಿ, ಕೊನೆಗೆ ಪಟಿಕದಿಂದ ಗಟ್ಟಿಗೊಂಡ ಕೆಸರಿನ ಜೊತೆಯಲ್ಲಿಯೇ ತಳಕ್ಕೆ ಇಳಿಸಿಬಿಡುವುದು. ಇದಕ್ಕೆ ಹೊಸ ತೊಟ್ಟಿ ಬೇಡ, ಬೇಕೆನಿಸಿದ ದಿನ ಮಾತ್ರ ಹಾಕಬಹುದು ಎಂಬ ಅನುಕೂಲದಿಂದ ಪುಡಿ ಇಂಗಾಲ ಕೆಲವೇ ವರ್ಷಗಳಲ್ಲಿ ನೂರಾರು ಊರುಗಳಿಗೆ ಹರಡಿತು. ಇದಕ್ಕೂ ಮೊದಲೇ ಫ್ರಾಯಿಂಡ್‌ಲಿಶ್ ಮತ್ತು ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿಗಳು ಕೊಟ್ಟಿದ್ದ ಸಮೀಕರಣಗಳು, ನೀರಿನಲ್ಲಿ ಇಷ್ಟು ಪ್ರಮಾಣದ ಕಲ್ಮಶವಿದ್ದರೆ ಒಂದು ಗ್ರಾಂ ಇಂಗಾಲ ಎಷ್ಟನ್ನು ಹಿಡಿಯಬಲ್ಲದು ಎಂಬುದನ್ನು ಅಂದಾಜು ಮಾಡುವ ಸಾಧನಗಳಾದವು.

ಆ ಹೊತ್ತಿನವರೆಗೆ ಇದ್ದಿಲಿನ ಎದುರಾಳಿ ಮೂಗಿಗೆ, ನಾಲಗೆಗೆ ತಿಳಿಯುವಂಥದಾಗಿತ್ತು. 1945ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ 2,4-ಡಿ ಎಂಬ ಕಳೆನಾಶಕದೊಂದಿಗೆ ಈ ಸ್ಥಿತಿ ಬದಲಾಗತೊಡಗಿತು. ಸಸ್ಯಗಳ ಬೆಳವಣಿಗೆಯ ಚೋದಕವನ್ನು ಅನುಕರಿಸಿ ಅಗಲ ಎಲೆಯ ಕಳೆಗಳನ್ನು ಮಿತಿಮೀರಿ ಬೆಳೆಸಿಯೇ ಕೊಲ್ಲುವ ಈ ರಾಸಾಯನಿಕವನ್ನು ಗೋಧಿ, ಜೋಳದ ಹೊಲಗಳಲ್ಲದೆ ಕೆರೆ, ಜಲಾಶಯ, ಕಾಲುವೆಗಳ ಜಲಕಳೆಗಳ ಮೇಲೂ ನೇರವಾಗಿ ಸುರಿಯಲಾಯಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯ ಪ್ರಯೋಗಶಾಲೆಯಿಂದ 1950ರ ದಶಕದ ಕೊನೆಯಲ್ಲಿ ಹೊರಬಂದ ಸಿಮಾಜಿನ್ ಮತ್ತು ಅಟ್ರಾಜಿನ್ ಎಂಬ ಕಳೆನಾಶಕಗಳು ಇದಕ್ಕಿಂತಲೂ ದೂರಗಾಮಿಯಾದ ಪರಿಣಾಮ ಬೀರಿದವು. ಅಟ್ರಾಜಿನ್ ಕಳೆಗಿಡದ ಎಲೆಯಲ್ಲಿ ದ್ಯುತಿಸಂಶ್ಲೇಷಣೆಯನ್ನು, ಎಂದರೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಿಯೆಯನ್ನು ತಡೆಯುತ್ತದೆ. ಮೆಕ್ಕೆಜೋಳದ ಗಿಡಕ್ಕಾದರೋ ಅದನ್ನು ತನ್ನೊಳಗೇ ನಿರಪಾಯಗೊಳಿಸುವ ಶಕ್ತಿಯಿದೆ. ಬಿತ್ತಿದ ಕೂಡಲೇ ಮಣ್ಣಿಗೆ ಸಿಂಪಡಿಸಿದರೆ ವಾರಗಟ್ಟಲೆ ಕಳೆ ಏಳುವುದಿಲ್ಲವೆಂಬ ಗುಣವೇ ರೈತರಿಗೆ ಮೆಚ್ಚುಗೆಯಾದದ್ದು. ಮಣ್ಣಿನಲ್ಲಿ ಬೇಗ ಕೊಳೆಯದೆ ಉಳಿಯುವುದರಿಂದ, ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳದೆ ಮಳೆಯ ನೀರಿನೊಡನೆ ಹೊರಟುಬಿಡುವುದರಿಂದ, ಅದೇ ಗುಣ ನೀರಿನ ಪಾಲಿಗೆ ಕೇಡಾಯಿತು. ಅಟ್ರಾಜಿನ್‌ಗೆ ಬಣ್ಣವಿಲ್ಲ, ನೀರಿನಲ್ಲಿರುವ ಪ್ರಮಾಣದಲ್ಲಿ ರುಚಿಯೂ ವಾಸನೆಯೂ ಇಲ್ಲ.

ಕಳೆನಾಶಕಗಳ ಎದುರು ಶುದ್ಧೀಕರಣ ಘಟಕಗಳು ಎಷ್ಟರಮಟ್ಟಿಗೆ ನಿಲ್ಲಬಲ್ಲವೆಂದು ಶಿಸ್ತಾಗಿ ಪರೀಕ್ಷಿಸಿದ ಆರಂಭದ ಎರಡು ಅಧ್ಯಯನಗಳು 1965ರಲ್ಲಿ ಅಮೆರಿಕದ ನೀರು ಸರಬರಾಜು ಸಂಘದ ಪತ್ರಿಕೆಯಲ್ಲಿ ಪ್ರಕಟವಾದವು. ಗಾರ್ಡನ್ ರೋಬೆಕ್ ಮತ್ತು ಸಂಗಡಿಗರು ಹಲವು ಕೀಟನಾಶಕಗಳ ಜೊತೆಗೆ 2,4,5-ಟಿ ಎಂಬ ಕಳೆನಾಶಕವನ್ನೂ ಪರೀಕ್ಷಿಸಿದರೆ, ಉಸ್ಮಾನ್ ಅಲಿ ಮತ್ತು ಸ್ಯಾಮ್ಯುಯಲ್ ಫೌಸ್ಟ್ 2,4-ಡಿಯ ವಿವಿಧ ರೂಪಗಳನ್ನು ಎತ್ತಿಕೊಂಡರು. ಪಟಿಕದಿಂದ ಕೆಸರು ಇಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸುವುದು ಎಂಬ ರೂಢಿಯ ಮೂರು ಹಂತಗಳು ಕರಗಿದ ಕಳೆನಾಶಕದ ಮುಂದೆ ಬಹುಮಟ್ಟಿಗೆ ಕೈಚೆಲ್ಲುತ್ತವೆ, ಸಕ್ರಿಯ ಇಂಗಾಲವೊಂದೇ ನೆಚ್ಚಬಹುದಾದ ಉಪಾಯ ಎಂಬ ತೀರ್ಮಾನ ಅಂದೇ ಸ್ಪಷ್ಟವಾಗಿತ್ತು. ಆ ತೀರ್ಮಾನ ಕಾನೂನಿನ ರೂಪ ತಳೆಯಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕ 1974ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಯನ್ನು ಮಾಡಿತಾದರೂ ಅಟ್ರಾಜಿನ್‌ಗೆ ಲೀಟರಿಗೆ 3 ಮೈಕ್ರೊಗ್ರಾಂ ಎಂಬ ಗರಿಷ್ಠ ಮಿತಿಯನ್ನು ಗೊತ್ತುಪಡಿಸಿದ್ದು 1991ರಲ್ಲಿ. ಮೈಕ್ರೊಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ.

ಈ ನಡುವಿನ ವರ್ಷಗಳಲ್ಲಿ ಸಮಸ್ಯೆಯ ನಿಜವಾದ ಸ್ವರೂಪವನ್ನು ಬಯಲಿಗೆ ತಂದದ್ದು ಒಹಾಯೊ ರಾಜ್ಯದ ಟಿಫಿನ್ ಎಂಬ ಸಣ್ಣ ಊರಿನ ಹೈಡೆಲ್‌ಬರ್ಗ್ ಕಾಲೇಜಿನ ನೀರಿನ ಪ್ರಯೋಗಶಾಲೆ. ಡೇವಿಡ್ ಬೇಕರ್ ಕಟ್ಟಿ ಬೆಳೆಸಿದ ಈ ಪ್ರಯೋಗಶಾಲೆ, ಈರಿ ಸರೋವರಕ್ಕೆ ಹರಿಯುವ ಸ್ಯಾಂಡಸ್ಕಿ ಮತ್ತು ಮಾಮಿ ನದಿಗಳ ನೀರನ್ನು ವರ್ಷಗಟ್ಟಲೆ ಬಿಡದೆ ಪರೀಕ್ಷಿಸುತ್ತ ಬಂದುದರಿಂದ, ಕಳೆನಾಶಕ ವರ್ಷವಿಡೀ ಸಮನಾಗಿ ಹರಿಯುವುದಿಲ್ಲ, ಬಿತ್ತನೆ ಮುಗಿದ ಮೇಲೆ ಬೀಳುವ ಮೇ, ಜೂನ್ ತಿಂಗಳ ಜೋರು ಮಳೆಗಳಲ್ಲಿ ಒಮ್ಮೆಗೇ ನುಗ್ಗಿ ಬಂದು ಬೇಸಿಗೆ ಕಳೆಯುವಷ್ಟರಲ್ಲಿ ಇಳಿಯುತ್ತದೆ ಎಂಬುದು ಸಂಶಯಕ್ಕೆಡೆಯಿಲ್ಲದಂತೆ ತಿಳಿಯಿತು. ವರ್ಷಕ್ಕೆ ಒಂದೆರಡು ಬಾರಿ ಯಾವುದೋ ಒಂದು ದಿನ ಮಾದರಿ ತೆಗೆದು ನೀರು ಚೆನ್ನಾಗಿದೆಯೆಂದು ಹೇಳುವ ಪದ್ಧತಿ ಎಷ್ಟು ಪೊಳ್ಳೆಂಬುದನ್ನು ಈ ಒಂದು ಶೋಧ ತೋರಿಸಿಕೊಟ್ಟಿತು. ಅದೇ ಪ್ರದೇಶದ ಘಟಕಗಳಲ್ಲಿ ಬೇಕರ್ ಮತ್ತು ಸರ್ಕಾರಿ ಸಂಶೋಧಕರು ಕೂಡಿ ನಡೆಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ, ರೂಢಿಯ ಶುದ್ಧೀಕರಣದಿಂದ ಅಟ್ರಾಜಿನ್ ಸ್ವಲ್ಪವೂ ಕಡಿಮೆಯಾಗುವುದಿಲ್ಲವೆಂದೂ, ಹಾಕಿದ ಪುಡಿ ಇಂಗಾಲದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ಅದು ಇಳಿಯುತ್ತದೆಂದೂ ಖಚಿತಪಡಿಸಿತು.

ಇಲ್ಲಿ ಪ್ರಮಾಣಗಳನ್ನು ಹತ್ತಿರದಿಂದ ನೋಡುವುದು ಅಗತ್ಯ. ಎಕರೆಗೆ ಒಂದು ಕಿಲೋ ಅಟ್ರಾಜಿನ್ ಸಿಂಪಡಿಸಿದ ಹೊಲದಿಂದ ಶೇಕಡಾ ಒಂದು ಭಾಗ, ಎಂದರೆ ಕೇವಲ 10 ಗ್ರಾಂ, ಮಳೆಯೊಡನೆ ಕೊಚ್ಚಿಹೋದರೆ ಅದು 33 ಲಕ್ಷ ಲೀಟರ್ ನೀರನ್ನು ಅಮೆರಿಕದ ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಆ ಹತ್ತು ಗ್ರಾಂ ಹಿಡಿಯಲು ಲೀಟರಿಗೆ 10 ಮಿಲಿಗ್ರಾಂನಂತೆ ಪುಡಿ ಇಂಗಾಲ ಹಾಕಿದರೂ 33 ಕಿಲೋ ಇಂಗಾಲ ಬೇಕು. ಹತ್ತು ಗ್ರಾಂ ಕಲ್ಮಶಕ್ಕೆ ಮೂವತ್ತಮೂರು ಕಿಲೋ ಇಂಗಾಲ ಬೇಕಾಗುವುದಕ್ಕೆ ಕಾರಣ, ನದಿಯ ನೀರಿನಲ್ಲಿ ಅಟ್ರಾಜಿನ್ ಒಂದೇ ಇರುವುದಿಲ್ಲ ಎಂಬುದು. ಕೊಳೆತ ಎಲೆ, ಹುಲ್ಲು, ಬೇರುಗಳಿಂದ ಬಂದು ನೀರಿಗೆ ಚಹಾದ ಛಾಯೆ ಕೊಡುವ ಹ್ಯೂಮಿಕ್ ದ್ರವ್ಯಗಳು ಕಳೆನಾಶಕಕ್ಕಿಂತ ಸಾವಿರಪಾಲು ಹೆಚ್ಚಾಗಿದ್ದು, ಇಂಗಾಲದ ರಂಧ್ರಗಳನ್ನು ಮೊದಲೇ ಆಕ್ರಮಿಸಿಕೊಳ್ಳುತ್ತವೆ, ದೊಡ್ಡ ಅಣುಗಳು ರಂಧ್ರದ ಬಾಯಿಯನ್ನೇ ಮುಚ್ಚಿಬಿಡುತ್ತವೆ. ಪ್ರಯೋಗಶಾಲೆಯ ಶುದ್ಧ ನೀರಿನಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಅಧಿಶೋಷಕ ನದಿಯ ನೀರಿಗೆ ಬಂದಾಗ ಸೋಲುವುದು ಬಹುಮಟ್ಟಿಗೆ ಇದರಿಂದಲೇ. ಪ್ರತಿ ವರ್ಷ ಪ್ರಕಟವಾಗುವ ಹೊಸ ಅಧಿಶೋಷಕಗಳ ಪ್ರಬಂಧಗಳನ್ನು ಓದುವವರು ಮೊದಲು ಕೇಳಬೇಕಾದ ಪ್ರಶ್ನೆ, ಪರೀಕ್ಷೆ ಯಾವ ನೀರಿನಲ್ಲಿ ನಡೆಯಿತು ಎಂಬುದೇ ಆಗಿದೆ.

ಯುರೋಪಿನ ಚರಿತ್ರೆ ಬೇರೊಂದು ದಾರಿ ಹಿಡಿಯಿತು. 1980ರ ಜುಲೈಯಲ್ಲಿ ಯುರೋಪಿನ ಆರ್ಥಿಕ ಸಮುದಾಯ ಹೊರಡಿಸಿದ ಕುಡಿಯುವ ನೀರಿನ ನಿರ್ದೇಶನ, ಯಾವುದೇ ಒಂದು ಪೀಡೆನಾಶಕ ಲೀಟರಿಗೆ 0.1 ಮೈಕ್ರೊಗ್ರಾಂ ಮೀರಬಾರದು, ಎಲ್ಲವೂ ಸೇರಿ 0.5 ಮೀರಬಾರದು ಎಂದು ವಿಧಿಸಿತು. ಈ ಅಂಕಿಯನ್ನು ಯಾವ ವಿಷಶಾಸ್ತ್ರೀಯ ಲೆಕ್ಕದಿಂದಲೂ ತೆಗೆದದ್ದಲ್ಲ; ಕುಡಿಯುವ ನೀರಿನಲ್ಲಿ ಇಂಥ ವಸ್ತು ಇರಲೇಕೂಡದೆಂಬ ನಿಲುವನ್ನು ಅಂದಿನ ಅಳತೆಯ ಉಪಕರಣಗಳಿಗೆ ಎಟುಕುವಷ್ಟು ಸಣ್ಣ ಅಂಕಿಯಲ್ಲಿ ಹೇಳಿದ್ದು. ಇದರ ಎದುರಿಗೆ ವಿಶ್ವ ಆರೋಗ್ಯ ಸಂಸ್ಥೆ ಅಟ್ರಾಜಿನ್‌ಗೆ 1993ರಲ್ಲಿ 2 ಮೈಕ್ರೊಗ್ರಾಂ ಎಂದು ಸೂಚಿಸಿ, ಮುಂದೆ ವಿಷಶಾಸ್ತ್ರೀಯ ದತ್ತಾಂಶಗಳನ್ನು ಮರುಪರಿಶೀಲಿಸಿ ಅದನ್ನು 100ಕ್ಕೆ ಏರಿಸಿತು. ಒಂದೇ ವಸ್ತುವಿಗೆ ಸಾವಿರ ಪಟ್ಟು ಅಂತರದ ಎರಡು ಮಿತಿಗಳು ಇರುವುದು ವಿಜ್ಞಾನದ ಗೊಂದಲವೆನ್ನುವುದಕ್ಕಿಂತ, ನೀರಿನ ಬಗೆಗಿನ ಎರಡು ಭಿನ್ನ ನೀತಿಗಳ ಗುರುತೆನ್ನುವುದು ಸರಿ. ಇಷ್ಟಂತೂ ನಿಜ, ಯುರೋಪಿನ ಆ ಕಟ್ಟುನಿಟ್ಟು ಇಲ್ಲದಿದ್ದರೆ ಹರಳು ಇಂಗಾಲದ ಹಾಸುಗಳು ಅಲ್ಲಿ ಅಷ್ಟು ವ್ಯಾಪಕವಾಗಿ ಬರುತ್ತಿರಲಿಲ್ಲ.

ರೈನ್ ನದಿಯ ನೀರನ್ನು ಮರಳುದಿಬ್ಬಗಳಲ್ಲಿ ಇಂಗಿಸಿ ಕುಡಿಯುವ ಆಮ್‌ಸ್ಟರ್‌ಡ್ಯಾಮ್ ನಗರದ ನೀರಿನಲ್ಲಿ 1987ರಲ್ಲಿ ಬೆಂಟಜೋನ್ ಎಂಬ ಕಳೆನಾಶಕ ಪತ್ತೆಯಾದಾಗ, ಮರಳಿನ ಮೇಲೆ ನೂರು ವರ್ಷಗಳಿಂದ ಇಟ್ಟಿದ್ದ ನಂಬಿಕೆ ಅಲುಗಾಡಿತು. 1990ರ ದಶಕದಲ್ಲಿ ನಗರ ತನ್ನ ಘಟಕಗಳಿಗೆ ಓಜೋನ್ ಮತ್ತು ಹರಳು ಇಂಗಾಲದ ಹಂತಗಳನ್ನು ಸೇರಿಸಿತು. ಓಜೋನ್ ದೊಡ್ಡ ಅಣುಗಳನ್ನು ತುಂಡರಿಸುತ್ತದೆ, ಇಂಗಾಲದ ಮೇಲೆ ನೆಲೆಸುವ ಬ್ಯಾಕ್ಟೀರಿಯಗಳು ಆ ತುಂಡುಗಳನ್ನು ತಿನ್ನುತ್ತವೆ, ಉಳಿದದ್ದನ್ನು ಇಂಗಾಲ ಹಿಡಿಯುತ್ತದೆ. ಲಂಡನ್ ನಗರದ ನೀರಿನ ಸಂಸ್ಥೆ, ಹತ್ತೊಂಬತ್ತನೆಯ ಶತಮಾನದಿಂದ ನಡೆದು ಬಂದ ನಿಧಾನಗತಿಯ ಮರಳು ಶೋಧಕಗಳನ್ನು ಕೆಡವದೆ, ಎರಡು ಮರಳಿನ ಪದರಗಳ ನಡುವೆ ಹರಳು ಇಂಗಾಲದ ತೆಳುವಾದ ಪದರವೊಂದನ್ನು ಹಾಸುವ ಉಪಾಯವನ್ನು 1990ರ ದಶಕದಲ್ಲಿ ಜಾರಿಗೆ ತಂದಿತು. ಹಳೆಯ ಕಟ್ಟಡ, ಹಳೆಯ ನೌಕರರ ಅನುಭವ, ಹೊಸ ವಸ್ತು ಮೂರನ್ನೂ ಕೂಡಿಸಿದ ಈ ಕ್ರಮ ಈ ಚರಿತ್ರೆಯ ಅತ್ಯಂತ ಜಾಣ್ಮೆಯ ಪರಿಹಾರಗಳಲ್ಲಿ ಒಂದೆಂದು ಹೇಳಬೇಕು. ಆದರೂ ಅದಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. ಇಂಗಾಲ ತುಂಬಿದ ಮೇಲೆ ಅಗೆದು ತೆಗೆದು, 800 ಡಿಗ್ರಿಗೂ ಮೀರಿದ ಕುಲುಮೆಗೆ ಸಾಗಿಸಿ, ಅಂಟಿದ್ದನ್ನೆಲ್ಲ ಸುಟ್ಟು, ಮತ್ತೆ ತಂದು ತುಂಬುವ ಕೆಲಸ ನಿರಂತರವಾದುದು. ಬ್ರಿಟನ್ನಿನಲ್ಲಿ ಕುಡಿಯುವ ನೀರಿನಿಂದ ಪೀಡೆನಾಶಕಗಳನ್ನು ತೆಗೆಯಲು ವರ್ಷಕ್ಕೆ 12 ಕೋಟಿ ಪೌಂಡ್ ವೆಚ್ಚವಾಗುತ್ತಿತ್ತೆಂದು, 1996ನ್ನು ಆಧಾರ ವರ್ಷವಾಗಿಟ್ಟುಕೊಂಡು ಜೂಲ್ಸ್ ಪ್ರೆಟಿ ಮತ್ತು ಸಂಗಡಿಗರು 2000ದಲ್ಲಿ ಲೆಕ್ಕ ಹಾಕಿದರು. ಅದು ನೀರಿನ ಬಿಲ್ಲಿನ ಮೂಲಕ ಮನೆಮನೆಯವರು ಕೊಟ್ಟ ಹಣ.

ಇದಕ್ಕಿಂತ ಅಗ್ಗದ ದಾರಿಯೂ ಇತ್ತೆಂಬುದಕ್ಕೆ ಅದೇ ದೇಶಗಳಲ್ಲಿ ಪುರಾವೆಯಿದೆ. ಬ್ರಿಟನ್ 1993ರಲ್ಲಿ ರೈಲುಹಳಿ, ರಸ್ತೆಬದಿಯಂಥ ಬೇಸಾಯೇತರ ಜಾಗಗಳಲ್ಲಿ ಅಟ್ರಾಜಿನ್ ಮತ್ತು ಸಿಮಾಜಿನ್ ಬಳಕೆಯನ್ನು ನಿಲ್ಲಿಸಿತು. ನದಿಗಳಲ್ಲಿ ಅವುಗಳ ಪ್ರಮಾಣ ಇಳಿಯಿತಾದರೂ ಅವುಗಳ ಬದಲಿಗೆ ಬಂದ ಡೈಯುರಾನ್ ನೀರಿನಲ್ಲಿ ಕಾಣಿಸತೊಡಗಿತು. ಇಟಲಿಯ ಪೊ ನದಿಯ ಬಯಲಿನಲ್ಲಿ 1986ರ ಹೊತ್ತಿಗೆ ಬಾವಿಗಳ ನೀರು ಮಿತಿ ಮೀರಿದಾಗ ಸರ್ಕಾರ ಮೊದಲು ಮಾಡಿದ್ದು ಮಿತಿಯನ್ನೇ ತಾತ್ಕಾಲಿಕವಾಗಿ ಸಡಿಲಿಸಿದ್ದು. ಜನರ ಪ್ರತಿಭಟನೆಯ ನಂತರ 1990ರಲ್ಲಿ ಅಟ್ರಾಜಿನ್ ಬಳಕೆಯನ್ನು ತಡೆಯಿತು. ಜರ್ಮನಿ 1991ರಲ್ಲಿ ನಿಷೇಧಿಸಿತು, ಯುರೋಪಿನ ಒಕ್ಕೂಟ 2004ರಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ಅಮೆರಿಕದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಇಂಗಾಲದ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿತು. ಇಲಿನಾಯ್ ರಾಜ್ಯದ ಹಾಲಿಡೇ ಶೋರ್ಸ್ ಎಂಬ ಸಣ್ಣ ವಸತಿಯ ನೀರಿನ ಮಂಡಲಿ 2004ರಲ್ಲಿ ಆರಂಭಿಸಿದ ಮೊಕದ್ದಮೆ, ಮಧ್ಯಪಶ್ಚಿಮದ ಅನೇಕ ಊರುಗಳ ಸಾಮೂಹಿಕ ದಾವೆಯಾಗಿ ಬೆಳೆದು, 2012ರಲ್ಲಿ ತಯಾರಕ ಕಂಪನಿಯಾದ ಸಿಂಜೆಂಟಾ, ತಪ್ಪನ್ನು ಒಪ್ಪಿಕೊಳ್ಳದೆಯೇ, 10.5 ಕೋಟಿ ಡಾಲರ್ ಕೊಡಲು ಸಮ್ಮತಿಸುವುದರೊಂದಿಗೆ ಮುಗಿಯಿತು. ಶೋಧನೆಯ ವೆಚ್ಚದ ಒಂದಂಶವಾದರೂ ಮೇಲ್ದಂಡೆಯ ಕಡೆಗೆ ಮರಳಿದ ಅಪರೂಪದ ಸಂದರ್ಭ ಇದು.

ಇಂಗಾಲವಲ್ಲದ ಅಧಿಶೋಷಕಗಳಲ್ಲಿ ಜೇಡಿಮಣ್ಣಿಗೆ ವಿಶೇಷ ಸ್ಥಾನವಿದೆ. 1962ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಅಣು ಧನ ವಿದ್ಯುದಂಶವುಳ್ಳದ್ದು, ಜೇಡಿಯ ಪದರಗಳು ಋಣ ವಿದ್ಯುದಂಶವುಳ್ಳವು. ಮಣ್ಣಿಗೆ ಬಿದ್ದ ಪ್ಯಾರಾಕ್ವಾಟ್ ಕೂಡಲೇ ಜೇಡಿಗೆ ಅಂಟಿ ಶಕ್ತಿಗುಂದುವುದು ಇದರಿಂದ. ಅದನ್ನು ಕುಡಿದವರಿಗೆ ಆಸ್ಪತ್ರೆಗಳಲ್ಲಿ ಮೊದಲ ಚಿಕಿತ್ಸೆಯಾಗಿ ಮುಲ್ತಾನಿ ಮಿಟ್ಟಿಯ ಜಾತಿಯ ಜೇಡಿಯನ್ನೋ ಸಕ್ರಿಯ ಇಂಗಾಲವನ್ನೋ ಕುಡಿಸುವುದೂ ಇದೇ ತತ್ತ್ವದ ಮೇಲೆ, ಆದರೆ ಎಷ್ಟೋ ಬಾರಿ ಆ ವೇಳೆಗೆ ಕಾಲ ಮಿಂಚಿರುತ್ತದೆ. ಋಣ ವಿದ್ಯುದಂಶದ ಅಥವಾ ತಟಸ್ಥವಾದ ಕಳೆನಾಶಕಗಳನ್ನು ಜೇಡಿ ಸಹಜವಾಗಿ ಹಿಡಿಯಲಾರದಾದ್ದರಿಂದ, ಸಾಬೂನಿನಂಥ ಉದ್ದ ಸರಪಣಿಯ ಅಣುಗಳನ್ನು ಅದರ ಪದರಗಳ ಮೇಲೆ ಕೂರಿಸಿ ಸ್ವಭಾವವನ್ನೇ ಬದಲಿಸುವ ಪ್ರಯತ್ನಗಳು ನಡೆದಿವೆ. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಶ್ಲೋಮೊ ನಿರ್ ಮತ್ತು ಯಾಯೆಲ್ ಮಿಶಾಯೆಲ್ ಈ ದಿಕ್ಕಿನಲ್ಲಿ ಗಮನಾರ್ಹ ಕೆಲಸ ಮಾಡಿದ್ದಾರೆ. ಗ್ಲೈಫೊಸೇಟ್ ಬೇರೆಯೇ ಬಗೆಯದು. ನೀರಿನಲ್ಲಿ ಬಹಳ ಸುಲಭವಾಗಿ ಕರಗುವ ಈ ಸಣ್ಣ ಅಣುವನ್ನು ಇಂಗಾಲ ಚೆನ್ನಾಗಿ ಹಿಡಿಯುವುದಿಲ್ಲ, ಕಬ್ಬಿಣದ ಆಕ್ಸೈಡ್‌ಗಳಿರುವ ಮಣ್ಣು ಹಿಡಿಯುತ್ತದೆ. ಒಂದು ಕಳೆನಾಶಕಕ್ಕೆ ಹೊಂದಿದ ಶೋಧಕ ಇನ್ನೊಂದಕ್ಕೆ ಹೊಂದುತ್ತದೆಂಬ ಖಾತರಿಯಿಲ್ಲ ಎಂಬುದನ್ನು ಇದು ನೆನಪಿಸುತ್ತದೆ.

ಭಾರತದಲ್ಲಿ ಈ ಚರಿತ್ರೆ ಇನ್ನೂ ಆರಂಭದ ಅಧ್ಯಾಯದಲ್ಲಿದೆ. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕ ಲೀಟರಿಗೆ ಅಟ್ರಾಜಿನ್ 2, ಐಸೊಪ್ರೋಟ್ಯುರಾನ್ 9, ಅಲಾಕ್ಲೋರ್ 20, 2,4-ಡಿ 30, ಬ್ಯುಟಾಕ್ಲೋರ್ 125 ಮೈಕ್ರೊಗ್ರಾಂ ಮೀರಬಾರದೆಂದು ಹೇಳುತ್ತದೆ. ಬ್ಯುಟಾಕ್ಲೋರ್ ಭತ್ತದ ಗದ್ದೆಗಳ ಕಳೆನಾಶಕ. ಅಟ್ರಾಜಿನ್ ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದ ಹೊಲಗಳಿಗೆ ಬಿತ್ತನೆಯ ಬೆನ್ನಲ್ಲೇ ಹೊಡೆಯುವಂಥದು. ಎಡೆಕುಂಟೆ ಹೊಡೆದು, ಆಳು ಕರೆದು ಕಳೆ ಕೀಳಿಸುತ್ತಿದ್ದ ಕಡೆ, ಕೂಲಿಗೆ ಜನ ಸಿಗದೆ, ಸಿಕ್ಕರೂ ಗಿಟ್ಟದೆ ರೈತರು ಕಳೆ ಔಷಧಿಗೆ ಒಲಿದಿರುವುದನ್ನು ದೂರುವಂತಿಲ್ಲ. ಆದರೆ ಸಿಂಪರಣೆಯ ದಿನಗಳೂ ಮುಂಗಾರಿನ ಮೊದಲ ಜೋರು ಮಳೆಗಳೂ ಇಲ್ಲಿ ಒಟ್ಟೊಟ್ಟಿಗೆ ಬರುತ್ತವೆ. ಟಿಫಿನ್‌ನ ಪ್ರಯೋಗಶಾಲೆ ಮೇ, ಜೂನ್ ತಿಂಗಳಲ್ಲಿ ಕಂಡದ್ದಕ್ಕೆ ಬೇಕಾದ ಸನ್ನಿವೇಶವೆಲ್ಲ ಇಲ್ಲಿಯ ಕೆರೆಗಳ ಜಲಾನಯನ ಪ್ರದೇಶಗಳಲ್ಲಿಯೂ ಇದೆ.

ಇದ್ದಿಲಿಗೇನೂ ಈ ನಾಡಿನಲ್ಲಿ ಕೊರತೆಯಿಲ್ಲ. ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಚಿಪ್ಪು ಜಗತ್ತಿನ ಅತ್ಯುತ್ತಮ ಸಕ್ರಿಯ ಇಂಗಾಲಕ್ಕೆ ಕಚ್ಚಾವಸ್ತು. ಹಳ್ಳಿಗಳಲ್ಲಿ ನಾಣ್ಯ ಹಾಕಿ ಬಿಂದಿಗೆ, ಕ್ಯಾನು ತುಂಬಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಮರಳಿನ ಕೊಳವೆಯ ಪಕ್ಕದಲ್ಲಿ ಇಂಗಾಲದ ಕೊಳವೆಯೊಂದು ಇದ್ದೇ ಇರುತ್ತದೆ. ಆದರೆ ಅಲ್ಲಿ ಅದನ್ನು ಇಟ್ಟಿರುವುದು ಮುಖ್ಯವಾಗಿ ಅದರ ಮುಂದೆ ನೀರು ಸೋಸುವ ತೆಳು ಪೊರೆಯನ್ನು ಕ್ಲೋರಿನ್‌ನಿಂದ ಕಾಪಾಡಲು. ಆ ಇಂಗಾಲ ತುಂಬಿದ ದಿನ ಯಾವುದು, ಬದಲಾಯಿಸಬೇಕಾದ ದಿನ ಯಾವುದು ಎಂಬುದನ್ನು ಘಟಕದ ಗೋಡೆಯ ಮೇಲೆ ಬರೆಯುವುದು ಖರ್ಚಿಲ್ಲದ ಕೆಲಸ. ಮೆಕ್ಕೆಜೋಳ ಮತ್ತು ಭತ್ತ ಬೆಳೆಯುವ ತಾಲ್ಲೂಕುಗಳಲ್ಲಿ ಕೆರೆ, ನದಿಗಳಿಂದ ನೀರೆತ್ತುವ ಬಹುಗ್ರಾಮ ಯೋಜನೆಗಳ ನೀರನ್ನು ಬಿತ್ತನೆಯ ನಂತರದ ಮೊದಲ ಆರು ವಾರಗಳಲ್ಲಿ, ಪ್ರತಿ ಜೋರು ಮಳೆಯ ಮಾರನೆಯ ದಿನ ತೆಗೆದು, ಅಟ್ರಾಜಿನ್ ಮತ್ತು ಬ್ಯುಟಾಕ್ಲೋರ್ ಅಳೆಯಬಲ್ಲ ಪ್ರಯೋಗಶಾಲೆಗೆ ಕಳಿಸುವ ವ್ಯವಸ್ಥೆಯನ್ನು ಜಿಲ್ಲಾ ಪಂಚಾಯಿತಿಗಳು ಮಾಡಬೇಕು, ಬಂದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು.